ಕಡಲಾಳದ ಒಂದು ಚದರ ಕಿ.ಮೀ.ಗೆ 91 ಸಾವಿರ ರೂಪಾಯಿ

ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್370 ವಿಮಾನ 2014ರ ಮಾರ್ಚ್ 8ರಂದು 239 ಮಂದಿಯೊಂದಿಗೆ ಕಣ್ಮರೆಯಾಯಿತು. ಐವರು ಭಾರತೀಯರೂ ಅದರಲ್ಲಿದ್ದರು. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋ 2014ರ ಅಕ್ಟೋಬರ್‌ನಿಂದ 2017ರ ಜನವರಿ 17ರವರೆಗೆ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ 1,20,000 ಚದರ ಕಿ.ಮೀ. ಸಾಗರತಳವನ್ನು ಜಾಲಾಡಿತು. ಖರ್ಚಾದದ್ದು 19.8 ಕೋಟಿ ಆಸ್ಟ್ರೇಲಿಯನ್ ಡಾಲರ್. ಡಾಲರಿಗೆ 55 ರೂಪಾಯಿಯಂತೆ ಲೆಕ್ಕ ಹಾಕಿದರೆ ಸುಮಾರು 1,089 ಕೋಟಿ ರೂಪಾಯಿ. ಒಂದು ಚದರ ಕಿ.ಮೀ.ಗೆ 90,750 ರೂಪಾಯಿ. ವಿಮಾನ ಸಿಗಲಿಲ್ಲ.

ಈ ದರ ಆ ಒಂದು ಶೋಧಕ್ಕೆ ಮಾತ್ರ ಸೀಮಿತವಲ್ಲ. 2009ರ ಜೂನ್ 1ರಂದು ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದ ನಾಲ್ಕನೇ ಹಂತದ ಶೋಧಕ್ಕೆ ಸುಮಾರು 1.25 ಕೋಟಿ ಅಮೆರಿಕನ್ ಡಾಲರ್ ಅಂದಾಜು ಮಾಡಲಾಗಿತ್ತು. ಹುಡುಕಲು ಉಳಿದಿದ್ದ ಪ್ರದೇಶ ಸುಮಾರು 10,000 ಚ.ಕಿ.ಮೀ. ಡಾಲರಿಗೆ 85 ರೂಪಾಯಿಯಂತೆ ಒಂದು ಚ.ಕಿ.ಮೀ.ಗೆ 1.06 ಲಕ್ಷ ರೂಪಾಯಿ ಬೀಳುತ್ತದೆ. ಸಾಗರ ಬೇರೆ, ಗುತ್ತಿಗೆದಾರರು ಬೇರೆ, ಉಪಕರಣ ಬೇರೆ. ದರಗಳ ನಡುವಿನ ವ್ಯತ್ಯಾಸ ಶೇ 17. ಆಳಸಮುದ್ರದ ಶೋಧದಲ್ಲಿ ದರವನ್ನು ಇಳಿಸಲು ಇರುವ ಅವಕಾಶ ಕಡಿಮೆ, ವಿಸ್ತೀರ್ಣವನ್ನು ಇಳಿಸಲು ಇರುವ ಅವಕಾಶ ಬಹಳ. ಸರ್ಕಾರವೇ ಹಣ ಕೊಡಲಿ, ದಾನದ ಹಣದಲ್ಲಿ ನಡೆಯುವ ಮಾನವೀಯ ಪ್ರತಿಷ್ಠಾನವೇ ಕೊಡಲಿ, ವಿಸ್ತೀರ್ಣವನ್ನು ಕುಗ್ಗಿಸಬಲ್ಲ ತಜ್ಞರನ್ನು ಹಡಗಿಗಿಂತ ಮೊದಲು ಕರೆಯಬೇಕು ಎಂಬುದಕ್ಕೆ ಈ ಲೆಕ್ಕವೇ ಆಧಾರ.

ಏರ್ ಫ್ರಾನ್ಸ್ ವಿಮಾನ 10 ನಿಮಿಷಕ್ಕೊಮ್ಮೆ ಉಪಗ್ರಹದ ಮೂಲಕ ತನ್ನ ಸ್ಥಾನವನ್ನು ತಿಳಿಸುತ್ತಿತ್ತು. ಕೊನೆಯ ಸಂದೇಶ ಬಂದದ್ದು ಗ್ರೀನಿಚ್ ಸಮಯ 2 ಗಂಟೆ 10 ನಿಮಿಷಕ್ಕೆ. ವಿಮಾನ ನೀರಿಗೆ ಬಡಿದದ್ದು 2 ಗಂಟೆ 14 ನಿಮಿಷಕ್ಕೆ ಎಂಬುದು ಆಮೇಲೆ ಗೊತ್ತಾಯಿತು. ಮುಂದಿನ ಸಂದೇಶ ಬರಬೇಕಿದ್ದ ಹೊತ್ತಿನೊಳಗೆ ವಿಮಾನ ಎಷ್ಟು ದೂರ ಹೋಗಿರಬಹುದೆಂದು ಲೆಕ್ಕ ಹಾಕಿ, ಕೊನೆಯ ಸ್ಥಾನದ ಸುತ್ತ 40 ನಾಟಿಕಲ್ ಮೈಲಿ ತ್ರಿಜ್ಯದ ವೃತ್ತ ಎಳೆದರು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ವೃತ್ತದ ವಿಸ್ತೀರ್ಣ ಸುಮಾರು 17,000 ಚ.ಕಿ.ಮೀ. ಬೆಂಗಳೂರು ನಗರ, ಗ್ರಾಮಾಂತರ, ತುಮಕೂರು ಮೂರೂ ಜಿಲ್ಲೆಗಳನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಅವಶೇಷಗಳು ಹರಡಿದ್ದ ಜಾಗವಾದರೋ 600 ಮೀಟರ್ ಉದ್ದ, 200 ಮೀಟರ್ ಅಗಲ, ಅಂದರೆ 0.12 ಚ.ಕಿ.ಮೀ. ಹುಡುಕಬೇಕಾದ ಪ್ರದೇಶದ 1.4 ಲಕ್ಷ ಪಾಲಿನಲ್ಲಿ ಒಂದು ಪಾಲು.

ಮೊದಲ ಎರಡು ವರ್ಷಗಳಲ್ಲಿ ಮೂರು ಹಂತದ ಶೋಧ ನಡೆದು ವಿಫಲವಾಯಿತು. ಮೊದಲ ಹಂತ ನಡೆದದ್ದು ಸದ್ದನ್ನು ಆಲಿಸುವುದಕ್ಕೆ. ವಿಮಾನದ ಎರಡು ಬ್ಲ್ಯಾಕ್ ಬಾಕ್ಸ್‌ಗಳಿಗೆ ನೀರೊಳಗಿನ ಬೀಕನ್ ಅಂಟಿಸಿರುತ್ತಾರೆ. ನೀರು ತಗುಲಿದ ಕೂಡಲೇ ಅದು 37.5 ಕಿಲೋಹರ್ಟ್ಸ್‌ನಲ್ಲಿ ಮಿಡಿಯತೊಡಗುತ್ತದೆ. ಆಗಿನ ನಿಯಮದಂತೆ ಬ್ಯಾಟರಿ ಬಾಳಿಕೆ 30 ದಿನ. ಸದ್ದು ಕೇಳುವ ದೂರ ಎರಡು ಮೂರು ಕಿ.ಮೀ. ಅವಶೇಷ ಇದ್ದದ್ದು 3,900 ಮೀಟರ್ ಆಳದಲ್ಲಿ. ಹಾಗಾಗಿ ಆಲಿಸುವ ಉಪಕರಣವನ್ನು ಕೇಬಲ್‌ನಲ್ಲಿ ಆಳಕ್ಕೆ ಇಳಿಸಿ ಎರಡು ಹಡಗುಗಳು ಎಳೆದುಕೊಂಡು ಹೋದವು. ಕೊನೆಯ ಸ್ಥಾನದ ಸುತ್ತಮುತ್ತ ಹಾದುಹೋದರೂ ಏನೂ ಕೇಳಲಿಲ್ಲ. ಆ ಜಾಗದಲ್ಲಿ ವಿಮಾನವಿಲ್ಲ ಎಂದುಕೊಂಡು ಮುಂದಿನ ಹಂತಗಳನ್ನು ಬೇರೆಡೆಗೆ ತಿರುಗಿಸಲಾಯಿತು.

ಇಲ್ಲಿ ತಜ್ಞರ ಪಾತ್ರ ಬರುತ್ತದೆ. ಫ್ರಾನ್ಸ್‌ನ ತನಿಖಾ ಸಂಸ್ಥೆ ಬಿಇಎ, ಅಮೆರಿಕದ ಮೆಟ್ರಾನ್ ಎಂಬ ಸಂಸ್ಥೆಯ ಗಣಿತಜ್ಞರ ನೆರವು ಕೇಳಿತು. ಲಾರೆನ್ಸ್ ಸ್ಟೋನ್ ಮತ್ತು ಸಂಗಡಿಗರು ಬಳಸಿದ್ದು ಬೇಯ್ಸ್ ವಿಧಾನ: ಹೊಸ ಮಾಹಿತಿ ಬಂದಂತೆಲ್ಲ ಪ್ರತಿ ಜಾಗದ ಸಂಭಾವ್ಯತೆಯನ್ನು ತಿದ್ದುತ್ತಾ ಹೋಗುವುದು. 'ಹುಡುಕಿದೆವು, ಸಿಗಲಿಲ್ಲ' ಎಂಬುದೂ ಈ ವಿಧಾನದಲ್ಲಿ ಮಾಹಿತಿಯೇ. ಒಂದು ಸರಳ ಲೆಕ್ಕ ನೋಡಬಹುದು. ಒಂದು ಜಾಗದಲ್ಲಿ ವಿಮಾನವಿರುವ ಸಂಭವ ಶೇ 50 ಎಂದಿಟ್ಟುಕೊಳ್ಳೋಣ. ಇದ್ದರೆ ಶೇ 90ರಷ್ಟು ಸಲ ಪತ್ತೆ ಹಚ್ಚುವ ಉಪಕರಣದಿಂದ ಹುಡುಕಿ ಸಿಗದಿದ್ದರೆ, ಆ ಜಾಗದ ಸಂಭವ ಶೇ 9ಕ್ಕೆ ಇಳಿಯುತ್ತದೆ. ಹಡಗು ಬೇರೆಡೆಗೆ ಹೋಗುವುದು ಸರಿ. ಬೀಕನ್ ಅಪಘಾತದಲ್ಲೇ ಕೆಟ್ಟಿರಬಹುದು, ಆದ್ದರಿಂದ ಪತ್ತೆಯ ಸಾಮರ್ಥ್ಯ ಶೇ 25 ಮಾತ್ರ ಎಂದುಕೊಂಡರೆ ಅದೇ ಜಾಗದ ಸಂಭವ ಇಳಿಯುವುದು ಶೇ 43ಕ್ಕೆ. ಆಗ ಅಲ್ಲೇ ಮತ್ತೆ ಹುಡುಕಬೇಕು.

ಮೆಟ್ರಾನ್ ತಂಡ ಬೀಕನ್‌ಗಳು ಕೆಟ್ಟಿರುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಹೆಚ್ಚಿನ ಸಂಭವ ಕೊನೆಯ ಸ್ಥಾನದ ಸಮೀಪಕ್ಕೇ ಬಂತು. 2011ರ ಮಾರ್ಚ್ 25ರಂದು ಅಲುಸಿಯಾ ಹಡಗಿನಿಂದ ನಾಲ್ಕನೇ ಹಂತ ಶುರುವಾಯಿತು. ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ರೆಮಸ್ 6000 ಎಂಬ ಸ್ವಯಂಚಾಲಿತ ಜಲಾಂತರ ವಾಹನಗಳು, ಅಂದರೆ ಕೇಬಲ್ ಇಲ್ಲದೆ ತಾವೇ ಈಜಿ ಶಬ್ದದ ಪ್ರತಿಧ್ವನಿಯಿಂದ ಸಾಗರತಳದ ಚಿತ್ರ ಬರೆಯುವ ಯಂತ್ರಗಳು, ಸರದಿಯಲ್ಲಿ ಆಳಕ್ಕಿಳಿದವು. ಮೇಲೆ ಬಂದ ಯಂತ್ರದಿಂದ ದತ್ತಾಂಶ ಇಳಿಸಿಕೊಂಡು ತಜ್ಞರು ಪರದೆಯಲ್ಲಿ ಹುಡುಕುವುದು ಪ್ರಕಾಶಮಾನ ಚುಕ್ಕೆಗಳನ್ನು: ಮೆತ್ತನೆಯ ಕೆಸರಿಗಿಂತ ಲೋಹ ಹೆಚ್ಚು ಪ್ರತಿಧ್ವನಿ ಕೊಡುತ್ತದೆ. ಹಾಗೆ ಕಂಡ ಗುಂಪಿನ ಮೇಲೆ ಕ್ಯಾಮೆರಾ ಹೊತ್ತ ಯಂತ್ರವನ್ನು ಕಳಿಸಿದಾಗ ಎಂಜಿನ್, ರೆಕ್ಕೆಯ ಭಾಗ, ಚಕ್ರಗಳ ಸಮೇತ ಲ್ಯಾಂಡಿಂಗ್ ಗೇರ್‌ನ ಚಿತ್ರ ಬಂತು. ಅದು ಏಪ್ರಿಲ್ 3. ಹುಡುಕಾಟ ಶುರುವಾಗಿ ಹತ್ತೇ ದಿನ.

ಅವಶೇಷ ಸಿಕ್ಕಿದ್ದು ಕೊನೆಯ ಸ್ಥಾನದಿಂದ 6.5 ನಾಟಿಕಲ್ ಮೈಲಿ, ಅಂದರೆ 12 ಕಿ.ಮೀ. ದೂರದಲ್ಲಿ. 12 ಕಿ.ಮೀ. ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 452 ಚ.ಕಿ.ಮೀ., ಇಡೀ ಪ್ರದೇಶದ ಸುಮಾರು ಶೇ 2.6. ನಾಲ್ಕನೇ ಹಂತದ ದರದಲ್ಲಿ ಅದಕ್ಕೆ ತಗಲುವ ವೆಚ್ಚ 5 ಕೋಟಿ ರೂಪಾಯಿಗಿಂತ ಕಡಿಮೆ. ಹಡಗನ್ನು ಬಂದರಿನಿಂದ ತರಿಸುವ ಖರ್ಚು ವಿಸ್ತೀರ್ಣಕ್ಕೆ ತಕ್ಕಂತೆ ಇಳಿಯುವುದಿಲ್ಲ, ಅದನ್ನು ಬೇರೆಯಾಗಿ ಸೇರಿಸಬೇಕು. ಸೇರಿಸಿದರೂ ಅದು ಇಡೀ ವೃತ್ತದ 180 ಕೋಟಿಯ ಹತ್ತಿರ ಬರುವುದಿಲ್ಲ. 228 ಮಂದಿಯ ಪೈಕಿ 74 ಮಂದಿಯ ದೇಹ ಕೊನೆಗೂ ಸಿಗಲಿಲ್ಲ ಎಂಬ ಸಂಖ್ಯೆಯನ್ನು ಈ ಉಳಿತಾಯದ ಪಕ್ಕದಲ್ಲೇ ಇಟ್ಟು ನೋಡಬೇಕು.

ತಜ್ಞರ ಲೆಕ್ಕ ಪ್ರತಿ ಸಲವೂ ಫಲ ಕೊಡುತ್ತದೆ ಎಂದಲ್ಲ. ಎಂಎಚ್370 ಮಿಲಿಟರಿ ರೇಡಾರ್‌ನಲ್ಲಿ ಕೊನೆಯದಾಗಿ ಕಂಡದ್ದಕ್ಕೂ ಉಪಗ್ರಹಕ್ಕೆ ಅದರ ಕೊನೆಯ ಸಂಕೇತ ತಲುಪಿದ್ದಕ್ಕೂ ನಡುವೆ ಸುಮಾರು 6 ಗಂಟೆಗಳ ಅಂತರವಿದೆ. ಏರ್ ಫ್ರಾನ್ಸ್ ವಿಮಾನದ ವಿಷಯದಲ್ಲಿ ಕೊನೆಯ ಸ್ಥಾನ ತಿಳಿಸಿದ್ದಕ್ಕೂ ನೀರಿಗೆ ಬಡಿದದ್ದಕ್ಕೂ ನಡುವಿನ ಅಂತರ 4 ನಿಮಿಷ. ಸಮಯದ ಅಂತರ ಎರಡು ಪಟ್ಟಾದರೆ ವೃತ್ತದ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಇನ್‌ಮಾರ್‌ಸ್ಯಾಟ್ ಉಪಗ್ರಹದ ಸಂಕೇತಗಳಿಂದ ತಜ್ಞರು ಅಷ್ಟು ದೊಡ್ಡ ಪ್ರದೇಶವನ್ನು ಒಂದು ಕಮಾನಿನ ಉದ್ದಕ್ಕೆ ಇಳಿಸಿದ್ದೇ ದೊಡ್ಡ ಕೆಲಸ. 2016ರ ನವೆಂಬರ್‌ನಲ್ಲಿ ಅವರು, ಆವರೆಗೆ ಹುಡುಕಿದ ಜಾಗದಲ್ಲಿ ವಿಮಾನವಿರುವ ಸಂಭವ ಕಡಿಮೆ, ಉತ್ತರಕ್ಕಿರುವ 25,000 ಚ.ಕಿ.ಮೀ. ನೋಡಬೇಕು ಎಂದರು. ಹಳೆಯ ದರದಲ್ಲಿ ಅದು 227 ಕೋಟಿ ರೂಪಾಯಿಯ ಕೆಲಸ. ಶೋಧಕ್ಕೆ ಹಣ ಕೊಡುತ್ತಿದ್ದ ಸರ್ಕಾರಗಳು ಒಪ್ಪದೆ ಶೋಧ ನಿಲ್ಲಿಸಿದವು. 2018ರಲ್ಲಿ ಓಷನ್ ಇನ್ಫಿನಿಟಿ ಎಂಬ ಖಾಸಗಿ ಕಂಪನಿ ಆ ಜಾಗವನ್ನೂ ಸೇರಿಸಿ 1,12,000 ಚ.ಕಿ.ಮೀ. ಹುಡುಕಿತು. ಅಲ್ಲೂ ಸಿಗಲಿಲ್ಲ.

ಆ ಖಾಸಗಿ ಶೋಧದಲ್ಲಿ ಬದಲಾದದ್ದು ವೇಗ. ಸರ್ಕಾರಿ ಶೋಧ 834 ದಿನಗಳಲ್ಲಿ 1,20,000 ಚ.ಕಿ.ಮೀ. ಮುಗಿಸಿತು, ದಿನಕ್ಕೆ ಸರಾಸರಿ 144. ಬಂದರಿನಿಂದ ಆ ಜಾಗಕ್ಕೆ ಹೋಗಲು ಆರು ದಿನದವರೆಗೆ ಹಿಡಿಯುತ್ತಿದ್ದುದೂ, ಚಳಿಗಾಲದ ಬಿರುಗಾಳಿಯೂ ಈ ಸರಾಸರಿಯಲ್ಲಿ ಸೇರಿವೆ. ಓಷನ್ ಇನ್ಫಿನಿಟಿ ಎಂಟು ಸ್ವಯಂಚಾಲಿತ ವಾಹನಗಳನ್ನು ಒಟ್ಟಿಗೆ ಇಳಿಸಿ ಮೂರು ತಿಂಗಳಿಗೆ ತುಸು ಹೆಚ್ಚು ಕಾಲದಲ್ಲಿ ದಿನಕ್ಕೆ 1,000 ಚ.ಕಿ.ಮೀ. ಮೀರಿದ ಸರಾಸರಿ ಸಾಧಿಸಿತು. ಏಳು ಪಟ್ಟು ಹೆಚ್ಚಳ.

ಸಿಗದಿದ್ದರೆ ಹಣವಿಲ್ಲ ಎಂಬುದು ಅದರ ಕರಾರು. 2025ರ ಮಾರ್ಚ್‌ನಲ್ಲಿ ಮಲೇಷ್ಯಾ ಒಪ್ಪಿದ ಹೊಸ ಕರಾರಿನಲ್ಲಿ 15,000 ಚ.ಕಿ.ಮೀ.ಗೆ 7 ಕೋಟಿ ಅಮೆರಿಕನ್ ಡಾಲರ್, ಸುಮಾರು 595 ಕೋಟಿ ರೂಪಾಯಿ. ಒಂದು ಚ.ಕಿ.ಮೀ.ಗೆ ಸುಮಾರು 4 ಲಕ್ಷ ರೂಪಾಯಿ, ಹಳೆಯ ದರದ ನಾಲ್ಕು ಪಟ್ಟಿಗೂ ಹೆಚ್ಚು. ಆದರೆ ಇದು ಸಿಕ್ಕಿದರೆ ಮಾತ್ರ ಕೊಡುವ ಹಣ. ಹಳೆಯ ದರವನ್ನೇ ಕಂಪನಿಯ ಖರ್ಚೆಂದು ಹಿಡಿದರೆ 136 ಕೋಟಿ ರೂಪಾಯಿ ಪಣಕ್ಕಿಟ್ಟಂತೆ. ನಾಲ್ಕರಲ್ಲಿ ಒಂದು ಸಂಭವವಿದ್ದರೆ ಲೆಕ್ಕ ಸರಿಹೋಗುತ್ತದೆ. ಸರ್ಕಾರದ ಬೊಕ್ಕಸಕ್ಕೆ ಇದು ಕ್ಷೇಮ. ದಾನದ ಮೇಲೆ ನಡೆಯುವ ಸಂಸ್ಥೆಗೆ ಇಂಥ ಕರಾರು ಎಟುಕುವ ಮಾತಲ್ಲ.

ದಾನದ ಸಂಸ್ಥೆಗಳು ಕೆಲಸ ಮಾಡುವ ಪ್ರಮಾಣವೇ ಬೇರೆ. ಎರಡನೇ ಮಹಾಯುದ್ಧದಿಂದ ಈಚೆಗೆ ಅಮೆರಿಕದ ಸುಮಾರು 81,000 ಯೋಧರು ಇನ್ನೂ ನಾಪತ್ತೆ. ಅವರಲ್ಲಿ 41,000ಕ್ಕೂ ಹೆಚ್ಚು ಮಂದಿ ಸಮುದ್ರದ ಪಾಲಾದವರು ಎಂಬುದು ಅಲ್ಲಿನ ರಕ್ಷಣಾ ಇಲಾಖೆಯ ಅಂದಾಜು. ಅರ್ಧಕ್ಕೂ ಹೆಚ್ಚು. ಇವರ ವಿಮಾನಗಳನ್ನು ಹುಡುಕುವ ಪ್ರಾಜೆಕ್ಟ್ ರಿಕವರ್ ಎಂಬ ಲಾಭರಹಿತ ಸಂಸ್ಥೆಯಲ್ಲಿ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆ ಮತ್ತು ಡೆಲವೇರ್ ವಿಶ್ವವಿದ್ಯಾಲಯದ ಸಾಗರತಜ್ಞರು, ಪುರಾತತ್ವಜ್ಞರು, ದಾಖಲೆ ಶೋಧಕರು ಸೇರಿದ್ದಾರೆ. 1944ರ ಮಾರ್ಚ್ 11ರಂದು ಪಪುವಾ ನ್ಯೂಗಿನಿಯ ಹಾನ್ಸಾ ಕೊಲ್ಲಿಯಲ್ಲಿ 11 ಮಂದಿಯೊಂದಿಗೆ ಉರುಳಿದ ಬಿ-24 ಬಾಂಬರ್ 'ಹೆವನ್ ಕ್ಯಾನ್ ವೇಟ್' ಇವರಿಗೆ ಸಿಕ್ಕಿದ್ದು 2017ರ ಅಕ್ಟೋಬರ್‌ನಲ್ಲಿ. ಹುಡುಕಿದ್ದು ಸುಮಾರು 27 ಚ.ಕಿ.ಮೀ., ಹಿಡಿದದ್ದು 11 ದಿನ, ಆಳ 65 ಮೀಟರ್. ದಿನಕ್ಕೆ ಎರಡೂವರೆ ಚ.ಕಿ.ಮೀ. ವೇಗದಲ್ಲಿ ದಕ್ಷಿಣ ಹಿಂದೂ ಮಹಾಸಾಗರದ 1,20,000 ಚ.ಕಿ.ಮೀ. ಮುಗಿಸಲು 130 ವರ್ಷ ಬೇಕು. ಇಲ್ಲಿ 27 ಚ.ಕಿ.ಮೀ. ಸಾಕಾದದ್ದು ಮೃತರೊಬ್ಬರ ಬಂಧುಗಳು 2013ರಿಂದ ನಾಲ್ಕು ವರ್ಷ ದಾಖಲೆಗಳನ್ನು ಕಲೆಹಾಕಿದ್ದರಿಂದ. ಆ ಓದಿಗೆ ಹಡಗು ಬೇಕಾಗಲಿಲ್ಲ.

ಸಿಕ್ಕಿದ ಮೇಲೂ ಖರ್ಚು ನಿಲ್ಲುವುದಿಲ್ಲ. ಅಸ್ಥಿಗಳನ್ನು ಮೇಲೆತ್ತಲು ಮುಳುಗುಗಾರರು ಇಳಿದದ್ದು 2023ರಲ್ಲಿ, ಪತ್ತೆಯಾದ ಆರು ವರ್ಷಗಳ ಬಳಿಕ. 11 ಮಂದಿಯಲ್ಲಿ ನಾಲ್ವರ ಗುರುತು ಖಚಿತವಾಯಿತು.

ದಾನದ ಹಣದ ಇನ್ನೊಂದು ಉದಾಹರಣೆ: 2019ರ ಜನವರಿ 21ರಂದು ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಅವರೊಂದಿಗೆ ಇಂಗ್ಲಿಷ್ ಕಾಲುವೆಗೆ ಬಿದ್ದ ಸಣ್ಣ ವಿಮಾನಕ್ಕಾಗಿ ಸಾರ್ವಜನಿಕರು 3 ಲಕ್ಷ ಯೂರೋಗೂ ಹೆಚ್ಚು ಕೊಟ್ಟರು. ಶೋಧತಜ್ಞ ಡೇವಿಡ್ ಮರ್ನ್ಸ್ ಬ್ರಿಟನ್‌ನ ಅಪಘಾತ ತನಿಖಾ ಸಂಸ್ಥೆಯೊಂದಿಗೆ ಕೂತು ಪ್ರದೇಶವನ್ನು ನಾಲ್ಕು ಚದರ ನಾಟಿಕಲ್ ಮೈಲಿಗೆ, ಸುಮಾರು 14 ಚ.ಕಿ.ಮೀ.ಗೆ, ಇಳಿಸಿದರು. ಫೆಬ್ರುವರಿ 3ರಂದು, ಹುಡುಕಾಟದ ಮೊದಲ ದಿನವೇ ಸಿಕ್ಕಿತು.

ಹುಡುಕಬೇಕಾದ ಜಾಗ ಕಿರಿದಾದಷ್ಟೂ ಶೋಧ ಬೇಗ ಮುಗಿಯುತ್ತದೆ ಎಂಬುದನ್ನೇ ಭಾರತದ ಅಂಕಿಗಳೂ ಹೇಳುತ್ತವೆ. 329 ಮಂದಿಯಿದ್ದ ಏರ್ ಇಂಡಿಯಾದ ಕನಿಷ್ಕ ವಿಮಾನ 1985ರ ಜೂನ್ 23ರಂದು ಐರ್ಲೆಂಡ್ ಬಳಿ ಸ್ಫೋಟಗೊಂಡಾಗ ಅದು ರೇಡಾರ್ ಪರದೆಯಲ್ಲಿತ್ತು. ಸುಮಾರು 2,000 ಮೀಟರ್ ಆಳದಿಂದ ಎರಡೂ ಬ್ಲ್ಯಾಕ್ ಬಾಕ್ಸ್ 17 ದಿನಗಳಲ್ಲಿ ಮೇಲೆ ಬಂದವು. 2015ರ ಜೂನ್ 8ರಂದು ಮೂವರೊಂದಿಗೆ ತಮಿಳುನಾಡು ಕರಾವಳಿಯಲ್ಲಿ ಬಿದ್ದ ಕರಾವಳಿ ಕಾವಲು ಪಡೆಯ ಡಾರ್ನಿಯರ್‌ನಲ್ಲಿ ಬೀಕನ್ ಇತ್ತು, ಜಲಾಂತರ್ಗಾಮಿ ಸಿಂಧುಧ್ವಜ್ ಅದರ ಸದ್ದು ಹಿಡಿಯಿತು. ಸುಮಾರು ಒಂದು ತಿಂಗಳಲ್ಲಿ ರೆಕಾರ್ಡರ್ ಸಿಕ್ಕಿತು. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಎಎನ್-32ರಲ್ಲಿ 29 ಮಂದಿಯಿದ್ದರು, ನೀರೊಳಗಿನ ಬೀಕನ್ ಇರಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸಮುದ್ರ ರತ್ನಾಕರ ಹಡಗೂ ಹುಡುಕಾಟಕ್ಕೆ ಹೋಯಿತು. ಆ ವರ್ಷ ಏನೂ ಸಿಗಲಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಸ್ವಯಂಚಾಲಿತ ವಾಹನವನ್ನು ವಿಮಾನದ ಕೊನೆಯ ಸ್ಥಾನದ ಬಳಿ ಇಳಿಸಿದಾಗ 3,400 ಮೀಟರ್ ಆಳದಲ್ಲಿ ಅವಶೇಷ ಕಂಡಿತು. ಸರ್ಕಾರ ಇದನ್ನು ಪ್ರಕಟಿಸಿದ್ದು 2024ರ ಜನವರಿ 12ರಂದು. ಒಂದು ತಿಂಗಳ ಎದುರು ಏಳೂವರೆ ವರ್ಷ.

ನಾಗರಿಕ ವಿಮಾನಗಳಿಗೆ ಈಗ ನಿಯಮ ಬದಲಾಗಿದೆ. ಬೀಕನ್ ಬಾಳಿಕೆ 30ರಿಂದ 90 ದಿನಕ್ಕೆ ಏರಿದೆ. ಸಾಗರದ ಮೇಲೆ ದೂರ ಹಾರುವ ದೊಡ್ಡ ವಿಮಾನಗಳಿಗೆ ಇನ್ನೂ ದೂರ ಕೇಳಿಸುವ 8.8 ಕಿಲೋಹರ್ಟ್ಸ್ ಬೀಕನ್ ಸೇರಿದೆ. ಹೊಸ ದೊಡ್ಡ ವಿಮಾನಗಳು ಅಪಾಯದಲ್ಲಿದ್ದಾಗ ನಿಮಿಷಕ್ಕೊಮ್ಮೆ ತಾವಾಗಿಯೇ ಸ್ಥಾನ ತಿಳಿಸಬೇಕು. ಬಿದ್ದ ಜಾಗ 6 ನಾಟಿಕಲ್ ಮೈಲಿಯೊಳಗೆ ಗೊತ್ತಾಗಬೇಕೆಂಬುದು ಗುರಿ. ಆ ವೃತ್ತ 388 ಚ.ಕಿ.ಮೀ.; ಎಂಎಚ್370 ದರದಲ್ಲಿ 3.5 ಕೋಟಿ ರೂಪಾಯಿ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಈ ನಿಯಮಗಳು ಸೇನಾ ವಿಮಾನಗಳಿಗೆ ಅನ್ವಯಿಸುವುದಿಲ್ಲ. ಅಂಡಮಾನ್‌ಗೆ ಯೋಧರನ್ನೂ ಸಿಬ್ಬಂದಿಯನ್ನೂ ಹೊತ್ತು ಹಾರುವ ಪ್ರತಿಯೊಂದು ಸೇನಾ ಸಾಗಣೆ ವಿಮಾನಕ್ಕೂ 8.8 ಕಿಲೋಹರ್ಟ್ಸ್ ಬೀಕನ್ ಕಡ್ಡಾಯವಾಗಬೇಕು. ಎಷ್ಟು ವಿಮಾನಗಳಿಗೆ ಅಳವಡಿಸಲಾಗಿದೆ ಎಂಬ ಸಂಖ್ಯೆಯನ್ನು ರಕ್ಷಣಾ ಸಚಿವಾಲಯ ಪ್ರತಿ ವರ್ಷ ಸಂಸತ್ತಿನ ಮುಂದಿಡಬೇಕು.