ಲಾರಿಯ ಹಿಂಬದಿಗೆ ಹೆಚ್ಚುವರಿ ದೀಪ

ಮಲ್ಪೆಯಿಂದ ಉಡುಪಿ, ಕಡಿಯಾಳಿ, ಮಣಿಪಾಲದ ಮೂಲಕ ತೀರ್ಥಹಳ್ಳಿಗೆ ಸಾಗುವ 169ಎ ಹೆದ್ದಾರಿಯನ್ನು ನೀವು ನೋಡಿರಬಹುದು. ಮಳೆಗಾಲದ ಒಂದು ರಾತ್ರಿ, ಸಾಮಾನು ಇಳಿಸಲೆಂದು ಲಾರಿಯೊಂದು ಕಡಿಯಾಳಿಯ ಒಳರಸ್ತೆಗೆ ಹಿಂದಕ್ಕೆ ಸರಿಯುತ್ತಿದೆ ಎಂದುಕೊಳ್ಳಿ. ‘ಬರಲಿ, ಬರಲಿ’ ಎನ್ನುತ್ತ ಹಿಂದೆ ನಿಂತ ಕ್ಲೀನರ್ ಚಾಲಕನ ಕನ್ನಡಿಯಲ್ಲಿ ಕಾಣಿಸಲೇಬೇಕು. ಲಾರಿಯೊಡನೆ ಬರುವ 21 ವ್ಯಾಟ್ ಬಲ್ಬಿಗೆ ಅಷ್ಟು ಬೆಳಕು ಕೊಡುವ ಶಕ್ತಿಯಿಲ್ಲ. ಹಾಗಾಗಿ ಅನೇಕರು ಹೆಚ್ಚಿನ ದೀಪ ಹಾಕಿಸುತ್ತಾರೆ. ಹಾಕಿಸುವುದು ಸರಿ, ಹೇಗೆ ಎಂಬುದೇ ಪ್ರಶ್ನೆ.

ರಿವರ್ಸ್ ಗೇರ್ ಬಿದ್ದಾಗ ಗೇರ್‌ಬಾಕ್ಸಿನಲ್ಲಿರುವ ಪುಟ್ಟ ಸ್ವಿಚ್ಚೊಂದು ಒತ್ತಿಕೊಂಡು ದೀಪ ಹೊತ್ತುತ್ತದೆ. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿ ನೋಡಿ: 21 ವ್ಯಾಟಿನ ಬಲ್ಬಿಗೆ ಒಂದು ಆಂಪಿಯರೂ ಬೇಡ. ಅದೇ ತಂತಿಯ ಮೈ ಹೆರೆದು 70 ವ್ಯಾಟಿನ ಎರಡು ದೀಪ ಸುತ್ತಿಬಿಟ್ಟರೆ? ಸುಮಾರು 6 ಆಂಪಿಯರ್ ಹೆಚ್ಚುವರಿ ಹೊರೆ. ಸ್ವಿಚ್ಚಿನ ತುದಿಗಳು ಸುಡುತ್ತವೆ, ತಂತಿ ಬಿಸಿಯಾಗುತ್ತದೆ.

ಇಲ್ಲಿ ಬೇಕಾದದ್ದು ರಿಲೇ. ನಮ್ಮ ಕರಾವಳಿಯ ಕಿಂಡಿ ಅಣೆಕಟ್ಟನ್ನು ನೆನೆಯಿರಿ. ಹಲಗೆ ಎತ್ತುವವನು ನೀರು ಹೊರುವುದಿಲ್ಲ. ನೀರು ತನ್ನ ದಾರಿಯಲ್ಲಿ ಹರಿಯುತ್ತದೆ. ಹಾಗೆಯೇ ಗೇರಿನ ಸ್ವಿಚ್ಚಿನಿಂದ ಬರುವ ತಂತಿಯನ್ನು ರಿಲೇಯ 86ನೇ ತುದಿಗೆ ಕೊಟ್ಟು, 85ನ್ನು ಅರ್ಥ್ ಮಾಡಬೇಕು. ಒಳಗಿನ ಸುರುಳಿಗೆ ಆಂಪಿಯರಿನ ಹತ್ತನೇ ಒಂದು ಭಾಗದಷ್ಟು ಸಿಕ್ಕರೆ ಸಾಕು, ಅದು ಅಯಸ್ಕಾಂತವಾಗಿ 30 ಮತ್ತು 87ನೇ ತುದಿಗಳನ್ನು ಕೂಡಿಸುತ್ತದೆ. 30ಕ್ಕೆ ಬ್ಯಾಟರಿಯಿಂದ ನೇರ ತಂತಿ, 87ರಿಂದ ದೀಪಗಳಿಗೆ. ಸುರುಳಿಯೂ 24 ವೋಲ್ಟಿನದೇ ಇರಬೇಕು.

ಆ ನೇರ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಇರಲಿ. ಫ್ಯೂಸ್ ದೀಪದ ರಕ್ಷಣೆಗೆ ಎಂದು ಹಲವರ ತಿಳುವಳಿಕೆ. ಅಲ್ಲ, ಅದು ತಂತಿಯ ರಕ್ಷಣೆಗೆ. ಚಾಸಿಸ್ಸಿಗೆ ಉಜ್ಜಿ ಉಜ್ಜಿ ತಂತಿಯ ಹೊದಿಕೆ ಹರಿದರೆ, ಲಾರಿಯ ಬ್ಯಾಟರಿ ಕ್ಷಣದಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು. ಬೆಂಕಿ ಹೊತ್ತಿಕೊಳ್ಳಲು ಅಷ್ಟು ಸಾಕು.

ತಂತಿಯ ದಪ್ಪವನ್ನೂ ಲೆಕ್ಕ ಹಾಕಬೇಕು. 0.5 ಚದರ ಮಿಲಿಮೀಟರಿನ ತಾಮ್ರದ ತಂತಿ 10 ಮೀಟರ್ ಎಳೆದರೆ, 6 ಆಂಪಿಯರಿಗೆ 2 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಬಲ್ಬಿನ ಬೆಳಕು ಕಾಲು ಭಾಗದಷ್ಟು ಕುಗ್ಗುತ್ತದೆ. 2.5ರ ತಂತಿಯಲ್ಲಿ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ.

ಇನ್ನು ಟೇಪ್ ರೆಕಾರ್ಡರ್, ಫ್ಯಾನುಗಳ ವಿಚಾರ. 24 ವೋಲ್ಟ್ ಎಂದರೆ ಸರಣಿಯಲ್ಲಿ ಕೂಡಿಸಿದ 12ರ ಎರಡು ಬ್ಯಾಟರಿ. 12 ವೋಲ್ಟಿನ ಸಾಮಾನಿಗೆ ಒಂದೇ ಬ್ಯಾಟರಿಯಿಂದ ತಂತಿ ಎಳೆಯುವ ಅಭ್ಯಾಸ ಕೆಟ್ಟದ್ದು. ಒಂದು ಬರಿದಾಗುತ್ತ ಹೋಗುತ್ತದೆ, ಇನ್ನೊಂದು ಮಿತಿಮೀರಿ ಚಾರ್ಜ್ ಆಗುತ್ತದೆ, ಎರಡೂ ಬೇಗ ಹಾಳು. ವೋಲ್ಟೇಜ್ ಇಳಿಸುವ ಕನ್ವರ್ಟರ್ ಹಾಕುವುದು ಲೇಸು.

ಹೊಸ ದೀಪ ಬಿಳಿಯದಾಗಿರಬೇಕು, ಗೇರ್ ತೆಗೆದೊಡನೆ ಆರಬೇಕು. ಇಲ್ಲವಾದರೆ ಹಿಂದಿನಿಂದ ಬರುವ ಸ್ಕೂಟರಿನವನ ಕಣ್ಣು ಕುಕ್ಕುತ್ತದೆ.

ಕೆಲಸ ಮುಗಿದ ಮೇಲೆ ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ದೀಪ ಹೊತ್ತಿಸಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ದೀಪದ ಅರ್ಥ್ ತುದಿಗೆ ಮುಟ್ಟಿಸಿ. ಸೊನ್ನೆಯ ಹತ್ತಿರ ಬರಬೇಕು. ಅರ್ಧ ವೋಲ್ಟಿಗೆ ಏರಿತೆಂದರೆ ಬಲ್ಬನ್ನು ಬೈಯಬೇಡಿ. ನಮ್ಮ ಉಪ್ಪುಗಾಳಿಗೆ ಅರ್ಥ್ ಬೋಲ್ಟ್ ತುಕ್ಕು ಹಿಡಿದಿರುತ್ತದೆ. ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ, ಗ್ರೀಸ್ ಸವರಿ ಮತ್ತೆ ಬಿಗಿಯಿರಿ.