ನಿಮಗಿದು ಗೊತ್ತೇ? ಹುಲ್ಲು ಕೆಡದಂತೆ ನೆಲ ಅಗೆಯುವ ಕೈಚಳಕ

ಹುಲ್ಲಿನ ಮೇಲೆ ಬಿದ್ದ ನಾಣ್ಯ ವರ್ಷ ಕಳೆದಂತೆ ತಾನಾಗಿ ನೆಲದೊಳಗೆ ಇಳಿಯುತ್ತದೆ. ಇಳಿಸುವುದು ಬಹುಮಟ್ಟಿಗೆ ಎರೆಹುಳು. ಅದು ಕೆಳಗಿನ ಮಣ್ಣು ತಿಂದು ಮೇಲೆ ಹಿಕ್ಕೆ ಹಾಕುತ್ತಾ ಹೋದಂತೆ ನಾಣ್ಯದ ಅಡಿ ಸಡಿಲವಾಗುತ್ತದೆ, ಮೇಲೆ ಹೊಸ ಮಣ್ಣು ಕೂರುತ್ತದೆ. ಚಾರ್ಲ್ಸ್ ಡಾರ್ವಿನ್ ಇದನ್ನು ಅಳೆದೇ ನೋಡಿದರು. ಇಂಗ್ಲೆಂಡಿನಲ್ಲಿ ತಮ್ಮ ಮನೆಯ ಬಳಿಯ ಹುಲ್ಲುಗಾವಲಿನಲ್ಲಿ 1842ರಲ್ಲಿ ಸೀಮೆಸುಣ್ಣದ ಚೂರು ಹರಡಲಾಗಿತ್ತು. 29 ವರ್ಷ ಕಳೆದು, 1871ರಲ್ಲಿ ಅಲ್ಲಿ ಅಡ್ಡಲಾಗಿ ಕಾಲುವೆ ತೋಡಿಸಿದಾಗ ಆ ಬಿಳಿ ಸಾಲು ಕಂಡದ್ದು 7 ಅಂಗುಲ ಕೆಳಗೆ! ಅವರ ಎರೆಹುಳುವಿನ ಪುಸ್ತಕ ಹೊರಬಂದದ್ದು 1881ರಲ್ಲಿ.

ಅದೇ 1881ರಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಮೈಯಲ್ಲಿ ಉಳಿದಿದ್ದ ಗುಂಡನ್ನು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಲೋಹ ಪತ್ತೆಹಚ್ಚುವ ಉಪಕರಣ ಕಟ್ಟಿದರು. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೂ ಅಡ್ಡಿಯಾಗಿದ್ದವು.

ಇಂದು ಹವ್ಯಾಸಿಗಳು ಹಿಡಿದು ತಿರುಗುವ ಮೆಟಲ್ ಡಿಟೆಕ್ಟರಿಗೆ ಒಂಟಿ ನಾಣ್ಯ ಕೇಳಿಸುವುದು ಸಾಮಾನ್ಯವಾಗಿ ಒಂದು ಗೇಣು ಆಳದೊಳಗೆ. ಆದ್ದರಿಂದ ದೊಡ್ಡ ಗುಂಡಿಯ ಅಗತ್ಯವೇ ಬೀಳುವುದಿಲ್ಲ. ಹುಲ್ಲುಹಾಸಿನಲ್ಲಿ ಮಾರುದ್ದ ಅಗೆದವರಿಗೆ ತಾಳ್ಮೆ ಸಾಲದು ಎಂದೇ ಅರ್ಥ.

ನುರಿತವರು ಹುಲ್ಲನ್ನು ಕುದುರೆ ಲಾಳದ ಆಕಾರದಲ್ಲಿ ಕತ್ತರಿಸುತ್ತಾರೆ. ಮೂರು ಕಡೆ ಕೊಯ್ದು ನಾಲ್ಕನೆಯ ಕಡೆಯನ್ನು ಹಾಗೇ ಬಿಡುವುದು. ಆಮೇಲೆ ಆ ಹೆಂಟೆಯನ್ನು ಪೆಟ್ಟಿಗೆಯ ಮುಚ್ಚಳದಂತೆ ಹಿಂದಕ್ಕೆ ಮಗುಚುವುದು. ಕೊಯ್ಯುವ ಆಳ 4ರಿಂದ 6 ಅಂಗುಲ. ತೆಳ್ಳಗೆ ಸಿಪ್ಪೆ ಎಬ್ಬಿಸಿದರೆ ಬೇರು ತುಂಡಾಗಿ ವಾರದೊಳಗೆ ಹುಲ್ಲು ಹಳದಿಯಾಗುತ್ತದೆ. ಬೇರಿನ ಜೊತೆ ಮಣ್ಣೂ ದಪ್ಪವಾಗಿ ಎದ್ದು ಬಂದರೆ ಗಿಡಕ್ಕೆ ತಾನು ಕದಲಿದ್ದೇ ತಿಳಿಯದು. ಕೊಯ್ಯದೆ ಬಿಟ್ಟ ಆ ಒಂದು ಅಂಚಿನಿಂದ ಎರಡು ಲಾಭ. ಅಲ್ಲಿನ ಬೇರು ನೀರೆಳೆಯುತ್ತಲೇ ಇರುತ್ತದೆ. ಮುಚ್ಚಿದ ಮೇಲೆ ಹಕ್ಕಿ ಕೆದಕಿದರೂ, ಹುಲ್ಲು ಕತ್ತರಿಸುವ ಯಂತ್ರ ಹಾದುಹೋದರೂ ಹೆಂಟೆ ಕಿತ್ತು ಬರುವುದಿಲ್ಲ.

ಅಗೆದ ಮಣ್ಣು ಹುಲ್ಲಿನ ಮೇಲೆ ಬೀಳಬಾರದು, ಪಕ್ಕದಲ್ಲಿ ಹಾಸಿದ ಬಟ್ಟೆಯ ಮೇಲೆ ಬೀಳಬೇಕು. ಎಸಳುಗಳ ನಡುವೆ ಸಿಕ್ಕಿದ ಮಣ್ಣನ್ನು ಮತ್ತೆ ಪೂರ್ತಿ ಒಟ್ಟುಗೂಡಿಸಲಾಗದು. ಅಷ್ಟು ಕಡಿಮೆಯಾದರೆ ಮುಚ್ಚಿದ ಜಾಗ ತಗ್ಗಾಗುತ್ತದೆ. ಬಟ್ಟೆ ಎತ್ತಿ ಸುರಿದು, ಹೆಂಟೆ ಮಗುಚಿ, ಕಾಲಿನಿಂದ ಬಲವಾಗಿ ಒತ್ತಿ, ನೀರು ಹಾಕಿದರೆ ಕೆಲಸ ಮುಗಿಯಿತು. ಒತ್ತುವುದನ್ನು ಮರೆತರೆ ಬೇರಿಗೂ ಮಣ್ಣಿಗೂ ನಡುವೆ ಗಾಳಿ ನಿಂತು ಬೇರು ಒಣಗುತ್ತದೆ.

ಎರಡು ಅಂಗುಲದೊಳಗಿನ ನಾಣ್ಯಕ್ಕೆ ಸನಿಕೆಯೇ ಬೇಡ. ಪಿನ್‌ಪಾಯಿಂಟರ್ ಎಂಬ ಪುಟ್ಟ ಕೈ ಡಿಟೆಕ್ಟರಿನಿಂದ ಜಾಗ ಗುರುತಿಸಿ, ಮೊಂಡು ತುದಿಯ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಮೀಟಿದರೆ ಸಾಕು.

ಎಲ್ಲ ಹುಲ್ಲೂ ಒಂದೇ ಬಗೆಯಲ್ಲಿ ಚೇತರಿಸಿಕೊಳ್ಳುವುದಿಲ್ಲ. ಇಂಗ್ಲೆಂಡಿನ ಮೈದಾನಗಳಲ್ಲಿ ಹೆಚ್ಚಾಗಿ ಕಾಣುವ ರೈ ಹುಲ್ಲು ಬುಡಬುಡವಾಗಿ ಬೆಳೆಯುವಂಥದ್ದು, ಗಾಯವಾದ ಜಾಗಕ್ಕೆ ಬೇಗ ಹಬ್ಬುವುದಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಅಂಗಳಗಳಲ್ಲಿ ಬರ್ಮುಡಾ ಎಂದು ಹೆಸರಾದ ಹುಲ್ಲು ನೆಲದ ಮೇಲೂ ಒಳಗೂ ಕಾಂಡ ಚಾಚಿ ತೆರಪನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅದು ಬೇರೆ ಯಾವುದೂ ಅಲ್ಲ, ನಾವು ಗಣಪತಿಗೆ ಏರಿಸುವ ಗರಿಕೆ.

ಕಡುಬೇಸಿಗೆಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಕೊಯ್ದರೂ ಹೆಂಟೆ ಒಣಗಿ ಕಂದುಬಣ್ಣದ ಬಿಲ್ಲೆಯಾಗಿ ಉಳಿಯುತ್ತದೆ. ಮಳೆ ಬೀಳುವವರೆಗೆ ಹುಲ್ಲುಹಾಸಿನ ಕಡೆಗೆ ಹೋಗದಿರುವುದೇ ಸರಿ.

ಗಾಲ್ಫ್ ಮೈದಾನಗಳಲ್ಲಿ ಹೀಗೆ ಹೆಂಟೆ ಎತ್ತಿ ಕೂರಿಸುವ ಕೆಲಸ ನಿತ್ಯದ್ದು. ಚೆಂಡು ಬೀಳುವ ಕುಳಿಯ ಜಾಗ ಬದಲಿಸುವಾಗ ಹೊಸ ಕುಳಿಯಿಂದ ತೆಗೆದ ಹುಲ್ಲಿನ ಹೆಂಟೆಯಿಂದಲೇ ಹಳೆಯದನ್ನು ಮುಚ್ಚುತ್ತಾರೆ. ನಿಯಮದಂತೆ ಕುಳಿಯ ಅಗಲ ನಾಲ್ಕೂಕಾಲು ಅಂಗುಲ, ಆಳ ಕನಿಷ್ಠ 4 ಅಂಗುಲ.

ಉದ್ಯಾನಗಳಲ್ಲಿ ವ್ಯರ್ಥ ಗುಂಡಿಗಳಿಗೆ ದೊಡ್ಡ ಕಾರಣ ಯಾವುದು ಗೊತ್ತೇ? ತಂಪುಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಉಂಗುರ. ಬಹಳಷ್ಟು ಡಿಟೆಕ್ಟರುಗಳಲ್ಲಿ ಅದರ ಸದ್ದೂ ಚಿನ್ನದುಂಗುರದ ಸದ್ದೂ ಹೆಚ್ಚುಕಡಿಮೆ ಒಂದೇ.

ಮಣ್ಣು ಮೆತ್ತಿದ ನಾಣ್ಯವನ್ನು ಹೆಬ್ಬೆರಳಿನಿಂದ ಉಜ್ಜಬೇಡಿ. ಮರಳಿನ ಕಣ ಗೀರಿದ ಗೆರೆ ಎಂದೂ ಹೋಗುವುದಿಲ್ಲ.

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಅಗೆಯುವಂತಿಲ್ಲ. 300 ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿಯ ಒಡವೆ ಸಿಕ್ಕರೆ 14 ದಿನದೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. 1996ರ ಕಾಯ್ದೆ ಹೀಗೆ ವಿಧಿಸುತ್ತದೆ. ಹವ್ಯಾಸಿಗಳಿಗಾಗಿ ಅಲ್ಲಿ ರೂಪಿಸಿದ ನೀತಿಸಂಹಿತೆಯ ಸಲಹೆ ನನಗೆ ತುಂಬ ಹಿಡಿಸಿತು: ಆದಷ್ಟೂ ಉತ್ತ ಹೊಲದಲ್ಲೇ ಹುಡುಕಿ, ನೇಗಿಲು ಮುಟ್ಟಿದ ಆಳಕ್ಕಿಂತ ಕೆಳಗೆ ಹೋಗಬೇಡಿ. ಅದರ ಕೆಳಗಿನ ಪದರ ಇನ್ನೂ ಯಾರೂ ಕದಲಿಸದ ಇತಿಹಾಸ.

ಆ ಮಾತಿನ ಬೆಲೆ ತೋರಿಸಿದವರು ಎರಿಕ್ ಲಾಸ್. 1992ರ ನವೆಂಬರ್ 16ರಂದು ಸಫೋಕ್‌ನ ಹಾಕ್ಸ್ನ್ ಹಳ್ಳಿಯಲ್ಲಿ ಅವರು ಡಿಟೆಕ್ಟರ್ ಹಿಡಿದು ಹೊರಟದ್ದು ರೈತ ಮಿತ್ರರೊಬ್ಬರು ಕಳೆದುಕೊಂಡ ಸುತ್ತಿಗೆ ಹುಡುಕಲು. ಸಿಕ್ಕಿದ್ದು ಬೆಳ್ಳಿ ಚಮಚ, ಚಿನ್ನದ ಸರ, ರೋಮನ್ ನಾಣ್ಯಗಳು. ಒಂದಷ್ಟು ಹೊರಬಂದ ಮೇಲೆ ಅವರು ಕೈ ತಡೆದು, ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಮರುದಿನ ಪುರಾತತ್ವಜ್ಞರು ಬಂದು ಅಗೆದರು. ನಾಣ್ಯಗಳೇ ಸುಮಾರು 15,000! ಅದಕ್ಕಿಂತ ದೊಡ್ಡ ಲಾಭವೆಂದರೆ, ಅದೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿತ್ತು, ಯಾವುದರ ಪಕ್ಕ ಯಾವುದನ್ನು ಜೋಡಿಸಿಟ್ಟಿದ್ದರು ಎಂಬುದೂ ತಿಳಿದುಬಂತು. ಆತುರದ ಕೈ ಎಲ್ಲವನ್ನೂ ಬಾಚಿ ತೆಗೆದಿದ್ದರೆ ಬಂಗಾರ ಉಳಿಯುತ್ತಿತ್ತು, ಪೆಟ್ಟಿಗೆಯ ಕಥೆ ಉಳಿಯುತ್ತಿರಲಿಲ್ಲ. ಸುತ್ತಿಗೆಯೂ ಸಿಕ್ಕಿತು, ಅದೀಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮಲ್ಲಿ ನಿಧಿಯಾಸೆಗೆ ಹಳೆಯ ಗುಡಿಗಳ ಗರ್ಭಗುಡಿಯನ್ನೇ ಬಗೆದ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನೆಲದಲ್ಲಿ ಸಿಕ್ಕ ನಿಧಿಗೆ ಭಾರತದಲ್ಲಿ 1878ರಿಂದಲೇ ಕಾಯ್ದೆಯಿದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಉಂಟು. 1878ರ ಕಾಯ್ದೆಯಂತೆ 10 ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಆ ಪತ್ರದಲ್ಲಿ ಮೂರು ಸಂಗತಿ ಇರಲೇಬೇಕು: ಸಿಕ್ಕಿದ್ದೇನು ಮತ್ತು ಅದರ ಅಂದಾಜು ಬೆಲೆಯೆಷ್ಟು, ಸಿಕ್ಕ ಜಾಗ ಯಾವುದು, ಸಿಕ್ಕ ದಿನ ಯಾವುದು.