ಅಂಗೈ ಕಂಪ್ಯೂಟರುಗಳ ಅಂಚೆ: ಅದರ ಏರ್ಪಾಡೂ ಅದು ನಿಂತುದರ ಕಾರಣವೂ

ಕಳೆದ ಶತಮಾನದ ಕೊನೆಯ ದಶಕದಲ್ಲಿ ಅಂಗೈಯಲ್ಲಿ ಹಿಡಿದು ಬಳಸಬಹುದಾದ ಕಂಪ್ಯೂಟರುಗಳು ಪ್ರಚಾರಕ್ಕೆ ಬಂದುವು. ೧೯೯೩ರಲ್ಲಿ ಆಪಲ್ ಸಂಸ್ಥೆಯ ನ್ಯೂಟನ್, ೧೯೯೪ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ೨೦೦ಎಲ್‌ಎಕ್ಸ್, ೧೯೯೬ರಲ್ಲಿ ಅಮೆರಿಕದ ಪೈಲಟ್, ೧೯೯೭ರಲ್ಲಿ ಇಂಗ್ಲೆಂಡಿನ ಸಯಾನ್ ಐದನೆಯ ಶ್ರೇಣಿ, ಇವು ಅವುಗಳಲ್ಲಿ ಮುಖ್ಯವಾದುವು. ಇಂಥ ಯಂತ್ರಗಳಲ್ಲಿ ಹಲವು ಇಂದಿಗೂ ಸುಸ್ಥಿತಿಯಲ್ಲಿವೆ. ಹೊಸ ಬ್ಯಾಟರಿಯನ್ನು ತೊಡಿಸಿದರೆ ಪರದೆ ಎಚ್ಚರಗೊಳ್ಳುತ್ತದೆ, ಅಂಚೆಯ ತಂತ್ರಾಂಶವೂ ತೆರೆದುಕೊಳ್ಳುತ್ತದೆ. ಆದರೆ ಕಾಗದ ಮಾತ್ರ ಬರುವುದಿಲ್ಲ. ಯಾವ ಭಾಗವೂ ಕೆಡದೆ ಇರುವಾಗ ಅಂಚೆ ಏಕೆ ನಿಂತಿತು? ಪೈಲಟ್ ವರ್ಗದ ಯಂತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

೧೯೯೭ರ ಪಾಮ್‌ಪೈಲಟ್ ಪ್ರೊಫೆಷನಲ್ ಯಂತ್ರಕ್ಕೆ ಇದ್ದ ಸ್ಮರಣೆ ೧ ಮೆಗಾಬೈಟು. ಪರದೆಯ ಅಳತೆ ೧೬೦ಕ್ಕೆ ೧೬೦ ಚುಕ್ಕೆ. ಅದನ್ನು ನಡೆಯಿಸುತ್ತಿದ್ದುದು ಮೋಟೊರೋಲಾ ಸಂಸ್ಥೆಯ ೧೬ ಮೆಗಾಹರ್ಟ್ಸ್ ವೇಗದ ಡ್ರ್ಯಾಗನ್‌ಬಾಲ್ ಎಂಬ ಚಿಪ್ಪು. ಆಹಾರವೆಂದರೆ ಎರಡು ಸಣ್ಣ ಬ್ಯಾಟರಿ. ದಿನಚರಿ, ವಿಳಾಸಗಳು, ಕಾಗದಗಳು ಎಲ್ಲವೂ ಆ ಒಂದು ಮೆಗಾಬೈಟಿನಲ್ಲಿಯೇ ಸಂಸಾರ ಮಾಡಬೇಕು. ಆದುದರಿಂದ ಇದರ ನಿರ್ಮಾಪಕರು ಇದನ್ನು ಮೇಜಿನ ಕಂಪ್ಯೂಟರಿನ ಸಂಗಾತಿಯೆಂದೇ ಭಾವಿಸಿದರು. ಯಂತ್ರವನ್ನು ಅದರ ತೊಟ್ಟಿಲಿನಲ್ಲಿಟ್ಟು ಒಂದು ಗುಂಡಿಯನ್ನೊತ್ತಿದರೆ, ಮೇಜಿನ ಕಂಪ್ಯೂಟರು ಆಗಲೇ ತರಿಸಿಟ್ಟುಕೊಂಡಿದ್ದ ಕಾಗದಗಳ ಪ್ರತಿಗಳು ತಂತಿಯ ಮೂಲಕ ಇಳಿದು ಬರುತ್ತಿದ್ದುವು. ಪ್ರಯಾಣದಲ್ಲಿ ಬರೆದ ಉತ್ತರಗಳು ಹಿಂದಕ್ಕೆ ಹೋಗುತ್ತಿದ್ದುವು. ಅವುಗಳನ್ನು ಅಂಚೆಗೆ ಹಾಕುವ ಹೊಣೆ ದೊಡ್ಡ ಯಂತ್ರದ್ದು. ಚಿಕ್ಕ ಯಂತ್ರದ ಅಂಚೆಯ ತಂತ್ರಾಂಶವು ಹಳ್ಳಿಯ ಅಂಚೆಪೇದೆಯ ಚೀಲದಂತೆ ಹೊರುವ ಕೆಲಸವನ್ನಷ್ಟೇ ಮಾಡುತ್ತಿದ್ದಿತು. ಕಾಗದ ಬಹಳ ಉದ್ದವಾಗಿದ್ದರೆ ಅದರ ಬಾಲವನ್ನು ಕತ್ತರಿಸಿ ತರುತ್ತಿದ್ದಿತು. ಲಗತ್ತುಗಳನ್ನು ಮೇಜಿನ ಮೇಲೆಯೇ ಬಿಟ್ಟು ಬರುತ್ತಿದ್ದಿತು.

ಎರಡನೆಯ ಏರ್ಪಾಡು ಯಂತ್ರವು ತಾನೇ ದೂರವಾಣಿಯ ಮೂಲಕ ಅಂಚೆಯ ಸರ್ವರನ್ನು ಸಂಧಿಸುವುದು. ಪಾಮ್‌ಪೈಲಟ್ಟಿಗೆ ತೊಡಿಸುವ ಮೋಡೆಮ್ಮು ಸೆಕೆಂಡಿಗೆ ೧೪,೪೦೦ ಬಿಟ್ಟುಗಳನ್ನು, ಎಂದರೆ ಹೆಚ್ಚುಕಡಿಮೆ ೧,೮೦೦ ಬೈಟುಗಳನ್ನು ಸಾಗಿಸಬಲ್ಲುದಾಗಿತ್ತು. ಎರಡು ಸಾವಿರ ಅಕ್ಷರಗಳ ಇಂಗ್ಲಿಷ್ ಕಾಗದಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ೧೦೦ ಕಿಲೋಬೈಟಿನ ಒಂದು ಚಿತ್ರವಾದರೆ, ಅಂಚೆಯ ನಿಯಮದಂತೆ ಪ್ರತಿ ಮೂರು ಬೈಟು ನಾಲ್ಕು ಅಕ್ಷರಗಳಾಗಿ ಊದಿಕೊಳ್ಳುವುದರಿಂದ, ಒಂದೂಕಾಲು ನಿಮಿಷ ಬೇಕು. ಇಳಿದ ಮೇಲೆ ಅದು ಸ್ಮರಣೆಯ ಹತ್ತನೆಯ ಒಂದು ಭಾಗವನ್ನು ನುಂಗುತ್ತದೆ. ಆದುದರಿಂದ ಏನನ್ನು ತರಿಸಬಾರದು ಎಂಬುದನ್ನು ತರಿಸುವ ಮೊದಲೇ ತಿಳಿಯಬೇಕಾಗಿದ್ದಿತು.

ಇದಕ್ಕೆ ನೆರವಾದುದು ೧೯೮೮ರಲ್ಲಿ ಮೊದಲು ಪ್ರಕಟವಾಗಿ ೧೯೯೬ರಲ್ಲಿ ಈಗಿನ ರೂಪವನ್ನು ತಳೆದ ಪಾಪ್-೩ ಎಂಬ ನಿಯಮಾವಳಿ. ಇದರಂತೆ ನಡೆಯುವ ಸಂಭಾಷಣೆ ಬಹಳ ಸರಳ. ತಂತ್ರಾಂಶವು ಮೊದಲು ಹೆಸರನ್ನೂ ಆಮೇಲೆ ಗುಪ್ತಪದವನ್ನೂ ಹೇಳುತ್ತದೆ. ‘ಲಿಸ್ಟ್’ ಎಂದರೆ ಸರ್ವರು ಪ್ರತಿಯೊಂದು ಕಾಗದದ ಗಾತ್ರವನ್ನು ತಿಳಿಸುತ್ತದೆ. ‘ಟಾಪ್’ ಎಂದರೆ ಕಾಗದದ ತಲೆಬರಹವನ್ನೂ ಕೇಳಿದಷ್ಟು ಸಾಲುಗಳನ್ನೂ ಕೊಟ್ಟು ನಿಲ್ಲಿಸುತ್ತದೆ. ಕಳುಹಿಸಿದವರಾರು, ವಿಷಯವೇನು, ತೂಕವೆಷ್ಟು ಎಂಬುದನ್ನು ನೋಡಿ ಬಳಕೆದಾರನು ಬೇಕಾದುದನ್ನು ಮಾತ್ರ ಪೂರ್ತಿ ತರಿಸಿಕೊಳ್ಳಬಹುದು. ಅಂಗೈ ಯಂತ್ರಗಳ ಅಂಚೆಗೆ ‘ಟಾಪ್’ ಜೀವನಾಡಿಯಾಗಿದ್ದಿತೆಂದರೆ ತಪ್ಪಾಗಲಾರದು. ಆದರೆ ನಿಯಮಾವಳಿಯಲ್ಲಿ ಅದು ಕಡ್ಡಾಯವಲ್ಲದ ಆಜ್ಞೆಗಳ ಸಾಲಿನಲ್ಲಿದೆ!

ಈ ಸರಳತೆಯಲ್ಲಿಯೇ ದೋಷವೂ ಅಡಗಿದ್ದಿತು. ಹೆಸರು, ಗುಪ್ತಪದ, ಕಾಗದ ಎಲ್ಲವೂ ತೆರೆದ ಅಂಚೆಕಾರ್ಡಿನಂತೆ ಸಾಗುತ್ತಿದ್ದುವು. ದಾರಿಯಲ್ಲಿ ಕುಳಿತವನು ಅವುಗಳನ್ನು ಓದಬಹುದಾಗಿದ್ದಿತು. ಇದನ್ನು ತಡೆಯಲು ಸಂಭಾಷಣೆಯನ್ನು ಗೂಢಲಿಪಿಯಲ್ಲಿ ಮುಚ್ಚುವ ಟಿಎಲ್‌ಎಸ್ ಎಂಬ ಪದ್ಧತಿಯ ಮೊದಲ ಆವೃತ್ತಿ ೧೯೯೯ರಲ್ಲಿಯೂ ೧.೨ನೆಯದು ೨೦೦೮ರಲ್ಲಿಯೂ ೧.೩ನೆಯದು ೨೦೧೮ರಲ್ಲಿಯೂ ಬಂದುವು. ೨೦೨೧ರ ಮಾರ್ಚಿಯಲ್ಲಿ ಇಂಟರ್‌ನೆಟ್ಟಿನ ನಿಯಮಗಳನ್ನು ರೂಪಿಸುವ ಮಂಡಲಿಯು ೧.೦, ೧.೧ ಆವೃತ್ತಿಗಳನ್ನು ಬಳಸಕೂಡದೆಂದು ಸಾರಿತು. ಹೀಗಾಗಿ ಕೆಲವು ಕಾಲಾನಂತರದ ಅಂಗೈ ಯಂತ್ರಗಳು ಕಲಿತಿದ್ದ ಹಳೆಯ ಗೂಢಲಿಪಿಯೂ ನಿಷ್ಪ್ರಯೋಜಕವಾಯಿತು. ಇಂದು ಸಾಮಾನ್ಯವಾಗಿರುವ ೨,೦೪೮ ಬಿಟ್ಟಿನ ಕೀಲಿಯೆಂದರೆ ಆರುನೂರಕ್ಕೂ ಮಿಕ್ಕಿ ಅಂಕಿಗಳುಳ್ಳ ಸಂಖ್ಯೆ. ೧೬ ಮೆಗಾಹರ್ಟ್ಸಿನ ಚಿಪ್ಪಿಗೆ ಅಂಥ ಸಂಖ್ಯೆಗಳ ಘಾತಗಳನ್ನು ಗುಣಿಸುವುದು ಎಷ್ಟು ದುಸ್ತರವೆಂಬುದನ್ನು ಗಣಿತದ ವಿದ್ಯಾರ್ಥಿಗಳು ಊಹಿಸಬಲ್ಲರು. ಅಂಚೆ ನಿಂತುದಕ್ಕೆ ಕಾರಣ ಇದು: ಯಂತ್ರ ಇದ್ದಲ್ಲಿಯೇ ಇದೆ, ಸರ್ವರುಗಳ ಭಾಷೆ ಬದಲಾಗಿದೆ.

ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯವೆಂದರೆ ನಡುವೆ ಒಬ್ಬ ದುಭಾಷಿಯನ್ನು ನಿಲ್ಲಿಸುವುದು. ೧೯೯೮ರಲ್ಲಿ ಹೊರಬಂದ ಎಸ್‌ಟನಲ್ ಎಂಬ ತಂತ್ರಾಂಶವನ್ನು ಮನೆಯ ಒಂದು ಸಣ್ಣ ಕಂಪ್ಯೂಟರಿನಲ್ಲಿ ನಡೆಯಿಸಿದರೆ, ಅದು ಸರ್ವರಿನೊಡನೆ ಇಂದಿನ ಗೂಢಲಿಪಿಯಲ್ಲಿಯೂ ಅಂಗೈ ಯಂತ್ರದೊಡನೆ ಹಳೆಯ ತೆರೆದ ಭಾಷೆಯಲ್ಲಿಯೂ ಮಾತನಾಡುತ್ತದೆ. ತೆರೆದ ಮಾತು ಆ ಕೋಣೆಯನ್ನು ದಾಟಿ ಹೋಗದಂತೆ ನೋಡಿಕೊಳ್ಳುವುದು ಅವಶ್ಯಕ. ಸೂಕ್ಷ್ಮವಾಗಿ ನೋಡಿದರೆ ಇದು ಹಳೆಯ ತೊಟ್ಟಿಲಿನ ಏರ್ಪಾಡೇ. ಕಷ್ಟದ ಕೆಲಸ ಮತ್ತೆ ದೊಡ್ಡ ಯಂತ್ರದ ಪಾಲಿಗೆ ಬಂದಿದೆ. ನಮ್ಮ ಅಭಿಪ್ರಾಯದಲ್ಲಿ ಮೊದಲಿನ ಯೋಜನೆಯೇ ಹೆಚ್ಚು ದೂರದೃಷ್ಟಿಯದು.

ಕನ್ನಡದ ಕಾಗದಗಳ ಗತಿಯೇನೆಂದು ಓದುಗರು ಕೇಳಬಹುದು. ಪಾಮ್‌ಪೈಲಟ್ಟಿನಲ್ಲಿ ಕನ್ನಡದ ಅಚ್ಚುಮೊಳೆಗಳೇ ಇರಲಿಲ್ಲ. ದುಭಾಷಿಯಿದ್ದರೂ ನಮ್ಮ ಲಿಪಿಯ ಕಾಗದ ಅಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಭಾರತೀಯ ಭಾಷೆಗಳನ್ನು ಗಮನದಲ್ಲಿಟ್ಟುಕೊಂಡು ಬೆಂಗಳೂರಿನ ವಿಜ್ಞಾನಿಗಳು ಸಿಂಪ್ಯೂಟರ್ ಎಂಬ ಅಂಗೈ ಯಂತ್ರವನ್ನು ರೂಪಿಸಿದುದು ಇಂಥ ಕೊರತೆಯನ್ನು ಕಂಡೇ.

ಹೊಸ ಕಾಗದ ಬರುವುದಕ್ಕಿಂತಲೂ ಹಳೆಯ ಕಾಗದಗಳು ಉಳಿಯುವುದು ನಮಗೆ ಹೆಚ್ಚಿನ ಚಿಂತೆಯ ವಿಷಯ. ತೊಟ್ಟಿಲಿನ ಮೂಲಕ ಬಂದುವು ಕೇವಲ ಪ್ರತಿಗಳು. ಆದರೆ ನೇರವಾಗಿ ತರಿಸಿ, ಸರ್ವರಿನಿಂದ ಅಳಿಸಿದ ಕಾಗದಗಳೂ ಕಳುಹಿಸದೆ ಉಳಿದ ಕರಡುಗಳೂ ಆ ಒಂದೇ ಯಂತ್ರದಲ್ಲಿರಬಹುದು. ಆ ಕಾಲದ ಪೈಲಟ್ಟುಗಳಲ್ಲಿ ಸ್ಮರಣೆ ನಿಂತಿರುವುದು ಬ್ಯಾಟರಿಯ ಮೇಲೆ. ಬ್ಯಾಟರಿ ಪೂರ್ತಿಯಾಗಿ ಮುಗಿದರೆ ಎಲ್ಲವೂ ಅಳಿಯುತ್ತದೆ. ಬದಲಾಯಿಸುವಾಗಲೂ ಸುಮಾರು ಒಂದು ನಿಮಿಷದ ಅವಕಾಶ ಮಾತ್ರ. ಆದುದರಿಂದ ಅಧ್ಯಾಪಕರಾರಾದರೂ ಇಂಥ ಯಂತ್ರವನ್ನು ಚಾಲೂ ಸ್ಥಿತಿಯಲ್ಲಿ ಇಟ್ಟುಕೊಂಡಿದ್ದರೆ, ಮೊದಲು ತೊಟ್ಟಿಲನ್ನೂ ಅದರ ತಂತಿಯನ್ನು ಇಂದಿನ ಕಂಪ್ಯೂಟರಿಗೆ ಜೋಡಿಸುವ ಸಾಧನವನ್ನೂ ಸಂಪಾದಿಸಿ, ಪೈಲಟ್-ಲಿಂಕ್ ಎಂಬ ಮುಕ್ತ ತಂತ್ರಾಂಶದಿಂದ ಒಳಗಿರುವುದೆಲ್ಲವನ್ನೂ ಪ್ರತಿ ಮಾಡಿಟ್ಟುಕೊಳ್ಳಬೇಕು. ಬ್ಯಾಟರಿಯ ಮುಚ್ಚಳವನ್ನು ತೆರೆಯುವುದು ಆಮೇಲಿನ ಕೆಲಸ.